ನರದ ತಂತಿ, ಉಕ್ಕಿನ ತಂತಿ, ತುರಿಸುವ ಬೆರಳು

ತಂತಿ ಮುಟ್ಟಿದರೆ ಬೆರಳು ತುರಿಸುತ್ತದೆ, ನೀರುಗುಳ್ಳೆ ಏಳುತ್ತವೆ ಎಂದು ಸಿತಾರನ್ನೋ ಗಿಟಾರನ್ನೋ ಕಲಿಯುವ ಮಕ್ಕಳು ಹೇಳಿಕೊಂಡರೆ ನಮ್ಮ ಕಡೆ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ: ‘ನಿನಗದು ಒಗ್ಗೂದಿಲ್ಲ ಬಿಡು, ಪೇಟಿ ಕಲಿ.’ ಮೇಲವಂಕಿಯಿಂದ ಕೌಜಲಗಿ, ಕುಲಗೋಡದವರೆಗಿನ ಈ ಘಟಪ್ರಭೆಯ ಸೀಮೆಯಲ್ಲಿ ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ದೊಡ್ಡ ಮರ್ಯಾದೆ ಇದೆ. ಕುಲಗೋಡ ತಮ್ಮಣ್ಣ ಬೆಳೆಸಿದ, ಕೌಜಲಗಿ ನಿಂಗಮ್ಮ ಮನೆಮಾತಾಗಿಸಿದ ಶ್ರೀಕೃಷ್ಣ ಪಾರಿಜಾತದ ಆಟ ಬೆಳತನಕ ನಡೆಯುವುದು ಅದರ ಸ್ವರದ ಮೇಲೆ. ಹಾಗಾಗಿ ಆ ಸಲಹೆ ಕೆಟ್ಟದ್ದೇನಲ್ಲ. ಆದರೆ ತಂತಿಯ ನಾದಕ್ಕೆ ಮನಸೋತವರಿಗೆ ಪೇಟಿಯಿಂದ ಸಮಾಧಾನವಾಗುವುದಿಲ್ಲ. ಅದಲ್ಲದೆ ತಂತಿ ಎಂದರೆ ಲೋಹ, ಲೋಹ ಎಂದರೆ ತುರಿಕೆ ಎಂಬ ತೀರ್ಮಾನವೊಂದು ಆ ಸಲಹೆಯೊಳಗೆ ಅಡಗಿದೆ. ತಂತಿವಾದ್ಯದ ಚರಿತ್ರೆಯನ್ನು ನೋಡಿದರೆ ಆ ತೀರ್ಮಾನ ನಿಲ್ಲುವುದಿಲ್ಲ.

ನಮ್ಮ ಮನೆಯಂಗಳದ ವಾದ್ಯದಿಂದಲೇ ಶುರು ಮಾಡೋಣ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋದವರೆಲ್ಲ ಚೌಡಿಕೆಯನ್ನು ಕೇಳಿಯೇ ಇರುತ್ತಾರೆ. ಹುಣ್ಣಿಮೆಯ ಜಾತ್ರೆಯಲ್ಲಿ ಜೋಗತಿಯರ ಮೇಳ ಹಾದುಹೋಗುವಾಗ ಸ್ವಲ್ಪ ಹತ್ತಿರ ನಿಂತು ನೋಡಿ. ಕಟ್ಟಿಗೆಯ ಉರುಳೆಯಂಥ ಮೈ, ಕೆಳಬಾಯಿಗೆ ಬಿಗಿದ ತೊಗಲು. ಆ ತೊಗಲಿನ ನಟ್ಟನಡುವಿನಿಂದ ಒಂದೇ ಒಂದು ತಂತಿ ಹೊರಟು ಮೇಲೆ ಬರುತ್ತದೆ. ವಾದ್ಯವನ್ನು ಬಗಲಲ್ಲಿ ಅವುಚಿಕೊಂಡು, ಒಂದು ಕೈಯಿಂದ ತಂತಿಯ ಬಿಗಿ ಹಿಡಿದು, ಇನ್ನೊಂದು ಕೈಯಿಂದ ಮೀಟುತ್ತಾರೆ. ಬಿಗಿ ಹೆಚ್ಚಿಸಿದರೆ ಸ್ವರ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಹಾಡಿನ ನಡುವೆ ಆ ಸ್ವರ ಹೆಣ್ಣಿನ ದನಿಯ ಹಾಗೆ ಬಳುಕುತ್ತದೆ. ಆ ತಂತಿ ಪರಂಪರೆಯಿಂದ ಪ್ರಾಣಿಯ ನರದ್ದು, ಲೋಹದ್ದಲ್ಲ. ಇಷ್ಟು ಜೀವಂತವಾದ ತಂತಿವಾದ್ಯ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದ್ದರೂ ತಂತಿಗೆ ಲೋಹವೇ ಬೇಕು ಎಂದು ನಂಬಿಬಿಟ್ಟಿದ್ದೇವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಹಳೆಯ ಸಾಹಿತ್ಯವೂ ಇದನ್ನೇ ಹೇಳುತ್ತದೆ. 12ನೇ ಶತಮಾನದಲ್ಲಿ ಬಸವಣ್ಣನವರು ತಮ್ಮ ದೇಹವನ್ನೇ ವೀಣೆಯಾಗಿ ಕಲ್ಪಿಸಿಕೊಂಡ ಪ್ರಸಿದ್ಧ ವಚನದಲ್ಲಿ ತಂತಿಯ ಜಾಗಕ್ಕೆ ಬರುವುದು ನರ. ಅಂದಿನ ಕೇಳುಗರಿಗೆ ಅದು ದೂರದ ಹೋಲಿಕೆ ಆಗಿರಲಿಲ್ಲ, ಕಣ್ಣೆದುರಿನ ವಾದ್ಯವೇ ಹಾಗಿತ್ತು. ಆಮೇಲಿನ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವ ‘ಸಂಗೀತ ರತ್ನಾಕರ’ ಬರೆದ. ಸವದತ್ತಿ, ಬೆಳಗಾವಿಯಿಂದ ಈ ಭಾಗವನ್ನು ಆಳಿದ ರಟ್ಟರ ಆಳಿಕೆ ಮುಗಿದದ್ದೂ ಆ ಸಿಂಘಣನ ಕಾಲದಲ್ಲೇ. ಶಾರ್ಙ್ಗದೇವ ವರ್ಣಿಸುವ ಏಕತಂತ್ರಿಗೆ ಇದ್ದದ್ದು ನರದ ತಂತಿ. ನಾದ ಗುಂಯ್‌ಗುಡಲೆಂದು ತಂತಿಯ ಕೆಳಗೆ ಬಿದಿರಿನ ಸಣ್ಣ ಸೀಳೊಂದನ್ನು ಇಡುತ್ತಿದ್ದರು, ಅದಕ್ಕೆ ಜೀವಾ ಎಂದು ಹೆಸರು. ಇವತ್ತು ತಂಬೂರಿಯ ಕುದುರೆಯ ಮೇಲೆ ನೂಲೆಳೆ ಸರಿಸಿ ಜವಾರಿ ಕೂಡಿಸುವವರು ಆ ಕೆಲಸವನ್ನೇ ಮುಂದುವರಿಸಿದ್ದಾರೆ. ಅದೇ ಗ್ರಂಥದ ಕಿನ್ನರಿ ವೀಣೆಗೆ ಬಂದಾಗ ಲೋಹದ ತಂತಿ ಕಾಣಿಸಿಕೊಳ್ಳುತ್ತದೆ. ಅಂದರೆ ಎರಡೂ ಬಗೆಯ ತಂತಿಗಳು ಜೊತೆಜೊತೆಗೇ ಇದ್ದವು. ಒಂದು ಇನ್ನೊಂದನ್ನು ಹೊರಹಾಕಿರಲಿಲ್ಲ.

ಹಾಗಾದರೆ ಲೋಹ ಗೆದ್ದದ್ದು ಏಕೆ? ಕಾರಣಗಳು ನ್ಯಾಯವಾದವೇ. ನರದ ತಂತಿ ಹವೆಯ ತೇವಕ್ಕೆ ಕೂಡಲೇ ಸ್ಪಂದಿಸುತ್ತದೆ. ಶ್ರಾವಣದ ಜಡಿಮಳೆಯಲ್ಲಿ ಅದರ ಶ್ರುತಿ ನಿಲ್ಲುವುದಿಲ್ಲ, ಬಿಸಿಲಿಗೆ ಒಣಗಿ ಸಿಡಿಯುತ್ತದೆ, ಇಲಿ ಹುಳುಗಳ ಕಾಟ ಬೇರೆ. ಉಕ್ಕಿನ ತಂತಿ ಹೆಚ್ಚು ಬಿಗಿ ತಾಳುತ್ತದೆ, ಅದರ ದನಿ ದೂರ ಹೋಗುತ್ತದೆ. 1854ರಲ್ಲಿ ಬರ್ಮಿಂಗ್‌ಹ್ಯಾಮಿನ ಜೇಮ್ಸ್ ಹಾರ್ಸ್‌ಫಾಲ್ ಗಟ್ಟಿಯಾದ ಉಕ್ಕಿನ ತಂತಿ ಎಳೆಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅಂಥ ತಂತಿ ಪಿಯಾನೋಗಳಿಗೆ ಹೋಯಿತು. 1866ರಲ್ಲಿ ಅಟ್ಲಾಂಟಿಕ್ ಸಮುದ್ರದ ತಳದಲ್ಲಿ ಹಾಕಿದ ಟೆಲಿಗ್ರಾಫ್ ಕೇಬಲ್ಲಿನ ಹೊರಕವಚಕ್ಕೂ ಹೋಯಿತು. ಯುರೋಪಿನ ವಯೊಲಿನ್ ವಾದಕರು ಮಾತ್ರ ಕುರಿಯ ಕರುಳಿನ ತಂತಿಯನ್ನು ಸುಲಭವಾಗಿ ಬಿಡಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯಲು ಕರುಳಿನ ದಾರ ಬೇಕಾಗಿ ತಂತಿಗೆ ಅಭಾವ ಬಂತು. ಆಗ ಕೆಲವರು ಅನಿವಾರ್ಯವಾಗಿ ಉಕ್ಕಿಗೆ ಕೈಚಾಚಿದರು.

ನಮ್ಮ ಭಾಗದಲ್ಲಿ ಉಕ್ಕಿನ ತಂತಿಯ ಮನೆ ಎಂದರೆ ಮಿರಜ. ಗೋಕಾಕ ರೋಡ್ ಇಲ್ಲವೇ ಘಟಪ್ರಭಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸೀದಾ ಅಲ್ಲಿಯೇ ಇಳಿಯಬಹುದು. ಅಲ್ಲಿನ ಶಿಕಲಗಾರರು ಕತ್ತಿ ಬರ್ಚಿಗಳಿಗೆ ಸಾಣೆ ಹಿಡಿಯುತ್ತಿದ್ದವರು. 19ನೇ ಶತಮಾನದ ನಡುವೆ, ಆಯುಧಗಳ ಬೇಡಿಕೆ ಕುಗ್ಗಿದ ಕಾಲಕ್ಕೆ, ಫರೀದ ಸಾಹೇಬ ಎಂಬವರು ವಾದ್ಯ ದುರಸ್ತಿಗೆ ಕೈಹಾಕಿದರು. ಅವರಿಂದ ಸಿತಾರಮೇಕರ ಎಂಬ ಮನೆತನದ ಹೆಸರೇ ಹುಟ್ಟಿತು. ಭೀಮಾ ತೀರದ ಪಂಢರಪುರ, ಮಂಗಳವೇಡೆಯ ಕಡೆಯ ಕುಂಬಳಬುರುಡೆ ತಂದು ಅವರು ಮಾಡುವ ತಂಬೂರಿ, ಸಿತಾರುಗಳಿಗೆ 2024ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಸಾರಂಗಿಯ ಮನೆತನದಿಂದ ಬಂದು ಮಿರಜದಲ್ಲಿ ನೆಲೆಸಿದ ಗಾಯಕ ಅಬ್ದುಲ್ ಕರೀಂ ಖಾನರ ತಂಬೂರಿಗಳ ಶ್ರುತಿಶುದ್ಧಿಯನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಇತ್ತ ಧಾರವಾಡಕ್ಕೆ 1912ರಲ್ಲಿ ಬಂದ ಸಿತಾರರತ್ನ ರಹಿಮತ್ ಖಾನರು ಸಿತಾರಿನ ತಂತಿಗಳ ಜೋಡಣೆಯನ್ನೇ ಬದಲಿಸಿ ಏಳು ತಂತಿಯ ಕ್ರಮವನ್ನು ರೂಢಿಗೆ ತಂದರು. ಅವರ ಮನೆತನದಿಂದ ಬಾಲೇಖಾನರಂಥ ವಾದಕರು ಬಂದರು. ಹೀಗೆ ಮಿರಜ ಮತ್ತು ಧಾರವಾಡದ ನಡುವೆ ಉಕ್ಕು, ಕಂಚು, ಹಿತ್ತಾಳೆಯ ತಂತಿ ನಮ್ಮ ಕಿವಿಯಲ್ಲಿ ಬೇರೂರಿತು. ಅದರ ಬಗ್ಗೆ ನನಗೆ ಅಪಾರ ಅಭಿಮಾನವಿದೆ.

ಆದರೆ ತುರಿಕೆಯ ಚರಿತ್ರೆ ಬೇರೆಯೇ ಇದೆ. ಅದರ ಮುಖ್ಯ ಪಾತ್ರ ಉಕ್ಕಲ್ಲ, ನಿಕಲ್. 1751ರಲ್ಲಿ ಸ್ವೀಡನ್ನಿನ ಆಕ್ಸೆಲ್ ಕ್ರಾನ್‌ಸ್ಟೆಟ್ ಅದನ್ನು ಬೇರೆ ಲೋಹವೆಂದು ಗುರುತಿಸಿದ. 19ನೇ ಶತಮಾನದಲ್ಲಿ ತಾಮ್ರ, ಸತುವಿನ ಜೊತೆ ಅದನ್ನು ಬೆರೆಸಿ ಜರ್ಮನ್ ಸಿಲ್ವರ್ ಮಾಡಿದರು. ಅದರಲ್ಲಿ ಬೆಳ್ಳಿ ಒಂದು ಗುಂಜಿಯೂ ಇರುವುದಿಲ್ಲ. ಆಮೇಲೆ ವಿದ್ಯುತ್ತಿನಿಂದ ನಿಕಲ್ ಲೇಪ ಹಾಕುವ ಕಾರ್ಖಾನೆಗಳು ಬಂದವು. 1889ರ ಹೊತ್ತಿಗೆ ಜರ್ಮನಿಯಲ್ಲಿ ಆ ಕೆಲಸಗಾರರ ಕೈಗಳ ಇಸುಬು ವೈದ್ಯರ ಬರಹಗಳಲ್ಲಿ ದಾಖಲಾಯಿತು. 1895ರಲ್ಲಿ ಯೋಸೆಫ್ ಯಾಡಾಸ್ಸೋನ್, ಸಂಶಯದ ವಸ್ತುವನ್ನು ಚರ್ಮಕ್ಕೆ ಪಟ್ಟಿ ಕಟ್ಟಿ ಇಟ್ಟು ನೋಡುವ ಪ್ಯಾಚ್ ಪರೀಕ್ಷೆಯನ್ನು ತೋರಿಸಿಕೊಟ್ಟ. 1994ರಲ್ಲಿ ಯುರೋಪಿನ ಒಕ್ಕೂಟ, ಮೈಗೆ ಬಹುಕಾಲ ತಾಗುವ ಆಭರಣ, ಗುಂಡಿಗಳಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುಗಡೆಯಾಗಬಾರದು ಎಂಬ ನಿಯಮ ತಂದಿತು.

ಮೈಯೊಳಗೆ ನಡೆಯುವುದು ಇಷ್ಟು. ಬೆವರಿನ ಉಪ್ಪು, ಹುಳಿಗೆ ನಿಕಲ್ ಕಣಕಣವಾಗಿ ಕರಗುತ್ತದೆ. ಚರ್ಮದೊಳಗೆ ಇಳಿದು ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೆಲವರ ದೇಹ ಅದನ್ನು ವೈರಿಯೆಂದು ನೆನಪಿಟ್ಟುಕೊಂಡುಬಿಡುತ್ತದೆ. ಆ ನೆನಪು ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇನ್ನೊಮ್ಮೆ ತಾಗಿದಾಗ ತುರಿಕೆ ಆ ಕ್ಷಣಕ್ಕಲ್ಲ, ಒಂದೆರಡು ದಿನದ ಮೇಲೆ ಏಳುತ್ತದೆ. ಹೀಗೆ ತಡವಾಗುವುದರಿಂದಲೇ ಕಾರಣ ತಪ್ಪಿಸಿಕೊಳ್ಳುತ್ತದೆ. ಸೋಮವಾರ ಮೀಟಿದ್ದಕ್ಕೆ ಬುಧವಾರ ತುರಿಸಿದರೆ ನಾವು ಬುಧವಾರದ ಊಟವನ್ನು ಬಯ್ಯುತ್ತೇವೆ. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು, ಕಾರಣ ಕಿವಿ ಚುಚ್ಚಿ ಹಾಕುವ ಅಗ್ಗದ ಓಲೆ. ಎಳೆಯ ಗಾಯದ ಮೂಲಕ ನಿಕಲ್ ಒಳಗೆ ಹೋಗುವುದು ಅಲ್ಲಿಂದಲೇ. ವರ್ಷಗಳಾದ ಮೇಲೆ ಅದೇ ಹುಡುಗಿ ವಾದ್ಯ ಹಿಡಿದಾಗ ಬೆರಳು ತುರಿಸಿದರೆ ದೂರು ವಾದ್ಯದ ಮೇಲೆ ಬರುತ್ತದೆ.

ಈಗ ಬೆರಳನ್ನೇ ಹತ್ತಿರದಿಂದ ನೋಡೋಣ. ಹೊಸದಾಗಿ ಕಲಿಯುವವರೆಲ್ಲರ ಬೆರಳ ತುದಿಯೂ ನೋಯುತ್ತದೆ, ಗೆರೆ ಬೀಳುತ್ತದೆ, ಕೆಲವು ವಾರಕ್ಕೆ ಜಡ್ಡುಗಟ್ಟುತ್ತದೆ. ಅದು ಅಲರ್ಜಿಯಲ್ಲ, ಸಾಧನೆಯ ಗುರುತು. ಅಲರ್ಜಿಯಲ್ಲಿ ನೋವಿಗಿಂತ ತುರಿಕೆ ಮುಂದು. ಸಣ್ಣ ಸಣ್ಣ ನೀರುಗುಳ್ಳೆಗಳು ಬೆರಳಿನ ತುದಿ ಬಿಟ್ಟು ಪಕ್ಕಗಳಿಗೆ ಹರಡುತ್ತವೆ. ಆ ಬೆರಳಿನಿಂದ ಕಣ್ಣುಜ್ಜಿಕೊಂಡರೆ ರೆಪ್ಪೆಯೂ ಊದೀತು. ಸಿತಾರ ವಾದಕರಾದರೆ ಯಾವ ಕೈ ಎಂಬುದು ಬಹಳ ಹೇಳುತ್ತದೆ. ಬಲಗೈ ತೋರುಬೆರಳಿಗೆ ಮಾತ್ರ, ಉಗುರಿನ ಸುತ್ತ ಮೀಟಲು ತೊಡುವ ಮಿಜರಾಬು ಕೂತ ಜಾಗಕ್ಕೆ ಸರಿಯಾಗಿ ಕೆಂಪು ಉಂಗುರ ಎದ್ದಿದ್ದರೆ, ತಪ್ಪು ಮಿಜರಾಬಿನದು, ತಂತಿಯದಲ್ಲ. ಎಡಗೈಯ ತೋರುಬೆರಳು, ನಡುಬೆರಳ ತುದಿಯಲ್ಲಿದ್ದರೆ ತಂತಿಯನ್ನೂ ಅದರಡಿಯ ಪರದೆಯನ್ನೂ, ಅಂದರೆ ದಂಡಿಯ ಮೇಲಿನ ಲೋಹದ ಅಡ್ಡಪಟ್ಟಿಯನ್ನೂ, ಎರಡನ್ನೂ ವಿಚಾರಿಸಬೇಕು. ಮುಖ್ಯವಾಗಿ ನುಡಿಸುವ ಬಾಜಿನ ತಂತಿ ಸುಮಾರು 0.3 ಮಿಲಿಮೀಟರ್ ದಪ್ಪದ ಉಕ್ಕು. ಇಂಥ ಸಾದಾ ಉಕ್ಕಿನಲ್ಲಿ ನಿಕಲ್ ಇರುವುದು ತೀರ ಕಡಿಮೆ. ಆದರೆ ಪರದೆಗಳು ಹಲವು ವಾದ್ಯಗಳಲ್ಲಿ ಜರ್ಮನ್ ಸಿಲ್ವರಿನವು, ಇಲ್ಲವೇ ನಿಕಲ್ ಲೇಪದ ಹಿತ್ತಾಳೆಯವು. ಸ್ವರ ಜಾರಿಸಲು ಮೀಂಡ್ ಎಳೆಯುವಾಗ ಬೆರಳು ಆ ಪರದೆಯನ್ನು ಉಜ್ಜಿಕೊಂಡೇ ಹೋಗುತ್ತದೆ. ಗಿಟಾರಿನ ಪರದೆಗಳಲ್ಲೂ ಸಾಮಾನ್ಯವಾಗಿ ನೂರಕ್ಕೆ ಹದಿನೆಂಟು ಪಾಲು ನಿಕಲ್. ಎಲೆಕ್ಟ್ರಿಕ್ ಗಿಟಾರಿನ ದಪ್ಪ ತಂತಿಗಳ ಸುತ್ತುಸರಿಗೆಯೂ ಹೆಚ್ಚಾಗಿ ನಿಕಲ್ ಲೇಪದ್ದೇ. ವಯೊಲಿನ್ ಹಿಡಿಯುವವರು ಕಮಾನಿಗೆ ಹಚ್ಚುವ ರಾಳವನ್ನೂ ಅನುಮಾನಿಸಬೇಕು, ಅದಕ್ಕೂ ಅಲರ್ಜಿ ಬರುವುದುಂಟು.

ಊಹೆಯಲ್ಲಿ ಕಾಲ ಕಳೆಯಬೇಕಿಲ್ಲ. 1905ರಲ್ಲಿ ರಷ್ಯಾದ ಲೆವ್ ಚುಗಾಯೆವ್ ಕಂಡುಹಿಡಿದ ರಾಸಾಯನಿಕ ಕ್ರಿಯೆಯನ್ನು ಬಳಸುವ ಸರಳ ಉಪಾಯವೊಂದಿದೆ. ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ದ್ರಾವಣಕ್ಕೆ ಅಮೋನಿಯಾ ಸೇರಿಸಿ, ಹತ್ತಿಯ ಕಡ್ಡಿಗೆ ಹಚ್ಚಿ ಲೋಹದ ಮೇಲೆ ಅರ್ಧ ನಿಮಿಷ ತಿಕ್ಕಿದರೆ, ನಿಕಲ್ ಬಿಡುಗಡೆಯಾಗುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಈ ದ್ರಾವಣ ಇರುತ್ತದೆ, ಮೇಷ್ಟರನ್ನು ಕೇಳಿದರೆ ಮಾಡಿಕೊಟ್ಟಾರು. ಪರದೆ, ಮಿಜರಾಬು, ತಂತಿಯ ತುಂಡು, ಕಿವಿಯ ಓಲೆ ನಾಲ್ಕನ್ನೂ ಒಟ್ಟಿಗೇ ಪರೀಕ್ಷಿಸಿ.

ತಪ್ಪು ಯಾವುದರದ್ದೆಂದು ಗೊತ್ತಾದ ಮೇಲೆ ದಾರಿಗಳು ಬೇಕಾದಷ್ಟಿವೆ. ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದ ಕಾಲಕ್ಕೆ ನ್ಯೂಯಾರ್ಕಿನ ಆಲ್ಬರ್ಟ್ ಅಗಸ್ಟೀನ್ ನೈಲಾನಿನಿಂದ ಗಿಟಾರ್ ತಂತಿ ಮಾಡಿದ, ಮಹಾವಾದಕ ಸೆಗೋವಿಯಾ ಅದನ್ನು ಒಪ್ಪಿಕೊಂಡ. ಇಂದು ಕ್ಲಾಸಿಕಲ್ ಗಿಟಾರಿನ ತಾರಸ್ವರದ ಮೂರು ತಂತಿಗಳಲ್ಲಿ ಲೋಹವೇ ಇಲ್ಲ. ಚೀನಾದ ಗುಚಿನ್ ಎಂಬ ತಂತಿವಾದ್ಯ ಶತಮಾನಗಳ ಕಾಲ ರೇಷ್ಮೆಯ ತಂತಿಯಲ್ಲಿ ನುಡಿದು, 1960ರ ದಶಕದ ಸುಮಾರಿಗೆ ಲೋಹಕ್ಕೆ ಹೊರಳಿತು. ಈಗ ಮತ್ತೆ ರೇಷ್ಮೆಯನ್ನು ಹುಡುಕಿ ಹೋಗುವ ವಾದಕರಿದ್ದಾರೆ. ನಮ್ಮ ಸಾರಂಗಿಯ ಮುಖ್ಯ ತಂತಿಗಳು ಮೂರೂ ಇವತ್ತಿಗೂ ಕರುಳಿನವು. ಸರೋದನ್ನು ಮೀಟುವ ಜವೆ ತೆಂಗಿನ ಚಿಪ್ಪಿನದು. ಗೀಗೀ ಮೇಳದ ತುಂತುಣಿಗೆ ಉಕ್ಕಿನ ತಂತಿ ಇದ್ದರೂ ಅದನ್ನು ಸಣ್ಣ ಕಡ್ಡಿಯಿಂದ ಮೀಟುತ್ತಾರೆ, ಬೆರಳು ತಂತಿಗೆ ತಾಗುವುದೇ ಇಲ್ಲ. ಭಜನೆಯ ಏಕತಾರಿಯನ್ನೂ ಹಾಗೆಯೇ ಬಿದಿರಿನ ಚಕ್ಕೆಯಿಂದ ಮೀಟಬಹುದು.

ಸಿತಾರನ್ನೇ ಮುಂದುವರಿಸಬೇಕೆನ್ನುವವರು ಮಿರಜದ ಕಾರಿಗರ ಹತ್ತಿರ ಹೋದಾಗ ನಿಕಲ್ ಲೇಪವಿಲ್ಲದ ಸಾದಾ ಹಿತ್ತಾಳೆಯ ಪರದೆ ಕೇಳಲಿ. ಪರದೆಗಳು ದಾರದಿಂದ ಕಟ್ಟಿದವಾದ್ದರಿಂದ ಬದಲಿಸುವುದು ಅವರಿಗೆ ದಿನನಿತ್ಯದ ಕೆಲಸ. ಹಿತ್ತಾಳೆ ಬೇಗ ಸವೆಯುತ್ತದೆ, ಅದಕ್ಕೆ ಸಿದ್ಧರಿರಬೇಕು. ಮಿಜರಾಬಿಗೆ ಉಗುರುಬಣ್ಣ ಬಳಿದರೆ ತುಸು ದಿನ ತಡೆದೀತು, ತಂತಿಗೆ ಬಳಿದರೆ ನಾದ ಸತ್ತೀತು. ಬಾರಿಸುವ ಮೊದಲು ಕೈ ತೊಳೆದು ಒಣಗಿಸಿಕೊಳ್ಳಿ, ಮುಗಿದ ಮೇಲೆ ತಂತಿ ಪರದೆಗಳ ಬೆವರನ್ನು ಒಣಬಟ್ಟೆಯಿಂದ ಒರೆಸಿಡಿ. ಗುಳ್ಳೆ ಒಡೆದು ನೀರು ಸುರಿಯುವಾಗ ಮಾತ್ರ ವಾದ್ಯ ಮುಟ್ಟಬೇಡಿ. ಔಷಧದಂಗಡಿಯ ಮುಲಾಮನ್ನು ತಿಂಗಳುಗಟ್ಟಲೆ ನೀವೇ ಹಚ್ಚಿಕೊಳ್ಳಲೂಬೇಡಿ.

ಬೆಳಗಾವಿ, ಹುಬ್ಬಳ್ಳಿಯ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಗಳಲ್ಲಿ ಪ್ಯಾಚ್ ಪರೀಕ್ಷೆಯ ಬಗ್ಗೆ ವಿಚಾರಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿ 48 ಗಂಟೆ ಇರಬೇಕು, ತೆಗೆದ ಮೇಲೆ ಇನ್ನೊಂದೆರಡು ದಿನ ಬಿಟ್ಟು ಮತ್ತೆ ನೋಡುತ್ತಾರೆ. ಅಲ್ಲಿಯವರೆಗೆ ಸ್ನಾನದ ನೀರು ಬೆನ್ನಿಗೆ ತಾಗಬಾರದು, ಆದ್ದರಿಂದ ಬೇಸಿಗೆ ಬಿಟ್ಟು ಚಳಿಗಾಲದಲ್ಲಿ ಮಾಡಿಸಿಕೊಳ್ಳುವುದು ಹಗುರ. ಹೋಗುವಾಗ ನಿಮ್ಮ ಮಿಜರಾಬು, ಒಂದು ಹಳೆಯ ಪರದೆ, ಎರಡು ಬಗೆಯ ತಂತಿಯ ತುಂಡುಗಳನ್ನು ಬೇರೆಬೇರೆ ಕಾಗದದಲ್ಲಿ ಸುತ್ತಿ, ಮೇಲೆ ಹೆಸರು ಬರೆದು ಒಯ್ಯಿರಿ. ಯಾವ ಬೆರಳಿಗೆ ಯಾವ ದಿನ ತುರಿಕೆ ಶುರುವಾಯಿತು ಎಂಬುದನ್ನೂ ಅದರ ಜೊತೆಗೇ ಬರೆದುಕೊಂಡಿರಿ, ವೈದ್ಯರು ಮೊದಲು ಕೇಳುವುದು ಅದನ್ನೇ.