ಬಾಟಲಿಯಲ್ಲಿ ಬಂದ ಬೆಳಕು



ಹೊರಗೆ ಉರಿಬಿಸಿಲು, ಒಳಗೆ ಕತ್ತಲು. ಅಕ್ಕಿಯಲ್ಲಿ ಕಲ್ಲು ಕಾಣಲ್ಲ, ಕಲಿತ ಅಕ್ಷರವೂ ಕಾಣಲ್ಲ. ಹಗಲಲ್ಲೂ ನಾವು ದೀಪ ಹಚ್ಚಬೇಕು.

ಬ್ರೆಜಿಲ್ ದೇಶದ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಒಂದು ಉಪಾಯ ಕಂಡುಕೊಂಡರು. ಆಗ ಅವರ ಊರಿನಲ್ಲಿ ಕರೆಂಟು ಕೈಕೊಡುತ್ತಿತ್ತು. 2 ಲೀಟರಿನ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿದರು. ಪಾಚಿ ಕಟ್ಟದಿರಲಿ ಅಂತ 2 ಮುಚ್ಚಳ ಬ್ಲೀಚ್ ಹಾಕಿದರು. ಸೂರಿಗೆ ತೂತು ಕೊರೆದು, ಒಂದು ಭಾಗ ಮೇಲೆ, ಉಳಿದದ್ದು ಒಳಗೆ ಇರುವಂತೆ ಕೂರಿಸಿದರು. ಸೋರದಂತೆ ಸುತ್ತ ಅಂಟು ಮೆತ್ತಿದರು. ಬಿಸಿಲು ನೀರಲ್ಲಿ ಬಾಗಿ ಕೋಣೆಯೆಲ್ಲಾ ಹರಡಿತು.

ರಾತ್ರಿ ಇದು ಬೆಳಗದು. ಹಗಲಿಗೆ ಸಾಕು, ಬಿಲ್ಲೂ ಇಲ್ಲ. ಗೋಡೆಗೆ ಸುಣ್ಣ ಬಳಿದರೆ ಬೆಳಕು ಇನ್ನೂ ಹೆಚ್ಚು. ನಮ್ಮ ಹಿರಿಯರ ಬೆಳಕಿಂಡಿಯೂ ಇದೇ ಕೆಲಸ ಮಾಡುತ್ತಿತ್ತು. ಬನ್ನಿ, ತಗಡಿನ ಸೂರಿರುವ ಒಂದು ಮನೆಯಲ್ಲಿ ಮಾಡಿ ನೋಡೋಣ.