ಕೊಬ್ಬರಿ ಮಂಡಿಯೂ ವ್ಯವಹಾರ ವಿಶ್ಲೇಷಣೆಯೂ

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಪದವಿ ಮುಗಿಸಿ ಬೆಂಗಳೂರಿಗೆ ಹೊರಡುವ ಹುಡುಗ ಹುಡುಗಿಯರ ಬಾಯಲ್ಲಿ ಈಚೆಗೆ ಒಂದು ಉದ್ಯೋಗದ ಹೆಸರು ಬಹಳವಾಗಿ ಕೇಳಿಬರುತ್ತಿದೆ. ಬಿಸಿನೆಸ್ ಅನಲಿಸ್ಟ್ ಎಂದು ಅದರ ಹೆಸರು. ವ್ಯವಹಾರ ವಿಶ್ಲೇಷಕ ಎಂದು ನಾವು ಕರೆಯಬಹುದು. ಗಣಕಯಂತ್ರಕ್ಕೆ ಆದೇಶ ಬರೆಯುವವರು ಒಬ್ಬರು, ಅಂಗಡಿಯಲ್ಲಿ ಕುಳಿತು ವ್ಯಾಪಾರ ನಡೆಸುವವರು ಇನ್ನೊಬ್ಬರು. ಇವರ ಭಾಷೆ ಅವರಿಗೆ ತಿಳಿಯದು, ಅವರ ಕಷ್ಟ ಇವರಿಗೆ ತಿಳಿಯದು. ಇಬ್ಬರ ನಡುವೆ ನಿಂತು, ವ್ಯವಹಾರ ಹೇಗೆ ನಡೆಯುತ್ತದೆ, ಅದರಲ್ಲಿ ಯಾವುದನ್ನು ಬರೆದಿಡಬೇಕು, ಯಾರಿಗೆ ಯಾವ ಹೊತ್ತಿನಲ್ಲಿ ಏನು ತಿಳಿಯಬೇಕು ಎಂಬುದನ್ನು ಗೊತ್ತುಪಡಿಸಿಕೊಡುವವನೇ ವಿಶ್ಲೇಷಕ.

ಈ ವಿದ್ಯೆಯ ಪುಸ್ತಕಗಳು ಹೆಚ್ಚಾಗಿ ಕಾರ್ಖಾನೆ, ಬ್ಯಾಂಕು, ವಿಮಾನದ ಟಿಕೆಟ್ಟುಗಳ ಉದಾಹರಣೆ ಕೊಡುತ್ತವೆ. ಅವನ್ನೆಲ್ಲ ಬಾಯಿಪಾಠ ಮಾಡಿದ್ದ ಹುಡುಗನೊಬ್ಬನನ್ನು, “ನಿಮ್ಮ ಮನೆಯ ಕೊಬ್ಬರಿ ಹೇಗೆ ಮಾರಾಟವಾಗುತ್ತದೆ, ಹೇಳಪ್ಪ” ಎಂದು ಕೇಳಿದೆ. “ಅದನ್ನೆಲ್ಲ ನಮ್ಮಪ್ಪ ನೋಡ್ಕೊಳ್ತಾರೆ ಸಾರ್” ಎಂದ. ಅವನ ಪಾಠ ಅಲ್ಲಿಂದಲೇ ಶುರುವಾಗಬೇಕು ಎಂದು ನನಗೆ ತೋರಿತು.

ಬಲಿತ ಕಾಯಿ ಮರದಿಂದ ಇಳಿದು ಅಟ್ಟ ಸೇರುತ್ತದೆ. ಅಲ್ಲಿ ತಿಂಗಳುಗಟ್ಟಲೆ, ಸುಮಾರಾಗಿ ಒಂದು ವರ್ಷದ ಹತ್ತಿರ ಹತ್ತಿರ, ಕುಳಿತು ಒಳಗಿನ ನೀರೆಲ್ಲ ಇಂಗುತ್ತದೆ. ಕಾಯನ್ನು ಅಲುಗಿಸಿದರೆ ಒಳಗೆ ಉಂಡೆ ಗಡಗಡ ಎನ್ನಬೇಕು. ಆಗ ಸುಲಿದು, ಚಿಪ್ಪು ಒಡೆದು, ಉಂಡೆ ಮುರಿಯದಂತೆ ಕೊಬ್ಬರಿ ತೆಗೆಯುತ್ತಾರೆ. ಎಣ್ಣೆಗೆಂದು ಹೋಳುಮಾಡಿ ಒಣಗಿಸುವ ಕೇರಳದ ಕೊಬ್ಬರಿಯಲ್ಲ ಇದು. ತಿನ್ನುವ ಪದಾರ್ಥವಾಗಿ ಉತ್ತರ ಭಾರತದ ಪೇಟೆಗಳಿಗೆ ಹೋಗುವಂಥದು. ಹೀಗಾಗಿ ಈ ಹೊತ್ತು ಮಂಡಿಗೆ ಬಂದ ಚೀಲದಲ್ಲಿರುವುದು ಹೋದ ವರ್ಷದ ದುಡಿಮೆ. ಅಟ್ಟವೆಂದರೆ ಈ ಸೀಮೆಯ ಸಂಸಾರಕ್ಕೆ ಉಗ್ರಾಣವೂ ಹೌದು, ಬ್ಯಾಂಕೂ ಹೌದು. ಮಗಳ ಮದುವೆ, ಮಗನ ಕಾಲೇಜಿನ ಫೀಜು, ಎಲ್ಲವೂ ಅಲ್ಲಿಂದಲೇ ಇಳಿಯಬೇಕು.

ಇನ್ನು ಮಂಡಿಯ ಕಡೆ ನೋಡೋಣ. ಮೊದಲು ದಲ್ಲಾಳರ ಅಂಗಡಿಯಲ್ಲಿ ಎರಡು ಪುಸ್ತಕಗಳಿರುತ್ತಿದ್ದವು. ನಡೆದದ್ದನ್ನು ನಡೆದ ಹೊತ್ತಿಗೆ ಬರೆಯುವುದು ಕೀರ್ದಿ. ಅದನ್ನೇ ಆಸಾಮಿವಾರು ಎತ್ತಿ ಬರೆಯುವುದು ಖಾತೆ. ಕೀರ್ದಿಯಲ್ಲಿ ಬಿದ್ದದ್ದನ್ನು ಅಳಿಸುವಂತಿಲ್ಲ. ಖಾತೆ ಕೀರ್ದಿಯೊಡನೆ ತಾಳೆಯಾಗಬೇಕು. ಗಣಕಯಂತ್ರದ ಮಾಹಿತಿ ವ್ಯವಸ್ಥೆಯ ಬೇರೂ ಇಲ್ಲಿಯೇ ಇದೆ. ದಿನದಿನದ ವ್ಯವಹಾರವನ್ನು ಹಿಡಿದಿಡುವ ಭಾಗ ಒಂದು, ಅದನ್ನು ಬೇಕಾದ ಹಾಗೆ ಕೂಡಿಸಿ ಯಜಮಾನನಿಗೆ ತೋರಿಸುವ ಭಾಗ ಇನ್ನೊಂದು. ಒಂದೇ ಸಂಗತಿಯನ್ನು ಎರಡು ಕಡೆ ಸ್ವತಂತ್ರವಾಗಿ ಬರೆಯತೊಡಗಿದರೆ ಒಂದಲ್ಲ ಒಂದು ದಿನ ಅವೆರಡೂ ಜಗಳಕ್ಕೆ ನಿಲ್ಲುತ್ತವೆ. ನಮ್ಮ ಹಳೆಯ ಗುಮಾಸ್ತರಿಗೆ ಇದು ಚೆನ್ನಾಗಿ ಗೊತ್ತಿತ್ತು.

2014ರಲ್ಲಿ ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಎಂಬುದು ಆರಂಭವಾಗಿ ಕೃಷಿ ಉತ್ಪನ್ನ ಮಾರುಕಟ್ಟೆಗಳ ಟೆಂಡರು ಗಣಕಯಂತ್ರಕ್ಕೆ ಏರಿತು. ಅದರ ಕ್ರಮ ಹೀಗೆ: ಪ್ರಾಂಗಣದ ಬಾಗಿಲಲ್ಲಿ ಮಾಲು ದಾಖಲಾಗಿ ಲಾಟಿಗೊಂದು ನಂಬರು ಬೀಳುತ್ತದೆ. ವರ್ತಕರು ಮಾಲನ್ನು ನೋಡಿ, ಒಬ್ಬರ ದರ ಇನ್ನೊಬ್ಬರಿಗೆ ತಿಳಿಯದಂತೆ ಬರೆಯುತ್ತಾರೆ. ಗೊತ್ತಾದ ಹೊತ್ತಿಗೆ ಟೆಂಡರು ತೆರೆದು ಲಾಟಿನ ಮೇಲೆ ಹೆಚ್ಚಿನ ದರ ಯಾರದೆಂದು ಸಾರುತ್ತಾರೆ. ರೈತ ಒಪ್ಪಿದರೆ ತೂಕ, ಬಿಲ್ಲು, ಹಣ, ಒಪ್ಪದಿದ್ದರೆ ಇಲ್ಲ. ಇದನ್ನು ಕಾಗದದ ಮೇಲೆ ಬಾಣದ ಗುರುತುಗಳಿಂದ ಬರೆದರೆ ಪುಸ್ತಕದವರು ಹೇಳುವ ಪ್ರಕ್ರಿಯೆಯ ನಕ್ಷೆಯಾಯಿತು. ಬರೆಯಲು ಅರ್ಧ ಗಂಟೆ ಸಾಕು. ಆದರೆ ಹೆಚ್ಚಿನ ವಿಶ್ಲೇಷಕರು ಎಡವುವುದು ಆ ಕೊನೆಯ “ಒಪ್ಪದಿದ್ದರೆ” ಎಂಬ ಮಾತಿನಲ್ಲಿ. ಎಲ್ಲವೂ ಸರಿಯಾಗಿ ನಡೆದಾಗ ಏನಾಗುತ್ತದೆಂಬುದನ್ನು ಯಾರು ಬೇಕಾದರೂ ಹೇಳುತ್ತಾರೆ. ಲಾಟಿಗೆ ಒಂದೂ ದರ ಬಾರದಿದ್ದರೆ? ಒಂದೇ ದರ ಇಬ್ಬರು ಬರೆದರೆ? ಚೀಲ ಬಿಚ್ಚಿದಾಗ ಅಡಿಯಲ್ಲಿ ಹೋಳಾದ ಕೊಬ್ಬರಿ ಕಂಡರೆ? ಇವನ್ನು ಕೇಳಿಸಿಕೊಳ್ಳಬೇಕಾದರೆ ಸಮಿತಿಯ ಕಾರ್ಯದರ್ಶಿಯನ್ನು ಮಾತ್ರ ಕಂಡರೆ ಸಾಲದು. ಹಮಾಲರನ್ನೂ ತೂಕದವರನ್ನೂ ಕಂಡು ಮಾತನಾಡಿಸಬೇಕು. ಬಾಧ್ಯಸ್ಥರು ಎಂದು ಪುಸ್ತಕ ಹೇಳುವುದು ಇವರನ್ನೆಲ್ಲ ಸೇರಿಸಿಯೇ.

ಅಂಕಿಗೂ ಮಾಹಿತಿಗೂ ಇರುವ ಅಂತರವನ್ನು ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. “ಕ್ವಿಂಟಲಿಗೆ 12,000” ಎಂಬುದು ಬರಿಯ ಅಂಕಿ. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಬೆಂಬಲ ಬೆಲೆ ಅದು ಎಂದಾಗ, ಮತ್ತು ಆ ಹೊತ್ತಿಗೆ ಪೇಟೆಯ ದರ ಅದಕ್ಕಿಂತ ಕೆಳಗಿತ್ತು ಎಂದಾಗ, ಅದು ಮಾಹಿತಿಯಾಯಿತು. ರೈತನಿಗೆ ಏನು ಮಾಡಬೇಕೆಂದು ತಿಳಿಯಿತು. 2025ರ ಮಧ್ಯದಲ್ಲಿ ಇದೇ ಕೊಬ್ಬರಿ 25,000ವನ್ನೂ ದಾಟಿದಾಗ ಆ ಬೆಂಬಲ ಬೆಲೆಯ ಪಟ್ಟಿಯ ಕಡೆ ತಿರುಗಿ ನೋಡುವ ಅಗತ್ಯ ಯಾರಿಗೆ ತಾನೆ ಇದ್ದೀತು?

ಈಗ ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 2024ರ ಫೆಬ್ರವರಿಯಲ್ಲಿ ನಾಫೆಡ್ ಮೂಲಕ ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳಲು ರೈತರ ನೋಂದಣಿ ಆರಂಭವಾಯಿತು. ರಾಜ್ಯಕ್ಕೆ ಗೊತ್ತಾಗಿದ್ದ ಪ್ರಮಾಣ 62,500 ಟನ್ನು. ಕೆಲವೇ ದಿನಗಳಲ್ಲಿ ಅಷ್ಟೂ ತುಂಬಿಹೋಯಿತು. ಅಟ್ಟದಲ್ಲಿ ಕೊಬ್ಬರಿ ಇಟ್ಟುಕೊಂಡು ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಮಂದಿಗೆ ಜಾಗವಿಲ್ಲವಾಯಿತು. ಅಕ್ರಮದ ದೂರುಗಳು ಬಂದವು. ಸರ್ಕಾರ ಆ ನೋಂದಣಿಯನ್ನು ರದ್ದುಮಾಡಿ, ಮಾರ್ಚಿ ತಿಂಗಳಲ್ಲಿ ಬೆರಳಿನ ಗುರುತು ಪಡೆದು ಹೊಸದಾಗಿ ನೋಂದಣಿ ಮಾಡಿಸಿತು. ತಪ್ಪು ಯಾರದೆಂಬ ವಿಚಾರಣೆ ನಮ್ಮ ಇವತ್ತಿನ ವಿಷಯವಲ್ಲ. ವಿಶ್ಲೇಷಕನಾಗಬೇಕೆನ್ನುವವನು ಕೇಳಬೇಕಾದ ಪ್ರಶ್ನೆಯೇ ಬೇರೆ: ಆ ಪಟ್ಟಿಗೆ ಗೊತ್ತಿದ್ದುದಾದರೂ ಏನು?

ಫ್ರೂಟ್ಸ್ ಎಂಬ ರೈತರ ನೋಂದಣಿ ವ್ಯವಸ್ಥೆಯಲ್ಲಿ ರೈತನಿಗೊಂದು ಗುರುತಿನ ಸಂಖ್ಯೆ ಇರುತ್ತದೆ. ಅದು ಭೂಮಿಯ ದಾಖಲೆಗೆ, ಎಂದರೆ ಪಹಣಿಗೆ, ಗಂಟುಬಿದ್ದಿರುತ್ತದೆ. ಹೀಗಾಗಿ ಪಟ್ಟಿಗೆ ಗೊತ್ತಿರುವುದು ಭೂಮಿ. ಯಾವ ಸರ್ವೆ ನಂಬರಿನಲ್ಲಿ ತೆಂಗು ಇದೆ, ಎಷ್ಟು ಎಕರೆ, ಯಾರ ಹೆಸರಿನಲ್ಲಿ. ಆದರೆ ಖರೀದಿಗೆ ಬೇಕಾದದ್ದು ಅಟ್ಟದ ಸಂಗತಿ. ತೆಂಗಿನ ತೋಟವಿರುವವರೆಲ್ಲರ ಅಟ್ಟದಲ್ಲಿ ಕೊಬ್ಬರಿ ಇರಬೇಕೆಂದು ಎಲ್ಲಿದೆ? ಒಬ್ಬರು ಎಳನೀರಿಗೇ ಇಳಿಸಿ ಮಾರಿಬಿಟ್ಟಿರುತ್ತಾರೆ. ಇನ್ನೊಬ್ಬರು ಕೈಗೆ ಕಾಸು ಬೇಕಾಗಿ ಹಸಿ ಕಾಯನ್ನೇ ತೋಟದಲ್ಲಿ ಕೊಟ್ಟಿರುತ್ತಾರೆ. ಅದನ್ನು ಕೊಂಡು ಅಟ್ಟಕ್ಕೆ ಹಾಕಿದವರಿಗೆ ಒಂದು ಗುಂಟೆ ಜಮೀನೂ ಇಲ್ಲದಿರಬಹುದು. ತಾತ ತೀರಿಕೊಂಡು ಎಷ್ಟೋ ವರ್ಷವಾದರೂ ಪಹಣಿ ಅವರ ಹೆಸರಿನಲ್ಲೇ ಇದ್ದರೆ, ಕಾಗದ ತಾತನನ್ನೇ ರೈತನೆನ್ನುತ್ತದೆ. ನೀರು ಕಟ್ಟಿದ ಮೊಮ್ಮಗ ಅದರ ಲೆಕ್ಕಕ್ಕೆ ಸಿಕ್ಕುವುದಿಲ್ಲ.

ಹೀಗೆ “ರೈತ” ಎಂಬ ಒಂದೇ ಮಾತಿನೊಳಗೆ ಭೂಮಿಯ ಒಡೆಯ, ಬೆಳೆದವ, ಮಾಲು ಇಟ್ಟುಕೊಂಡವ, ಮಾರುವವ ಎಂದು ನಾಲ್ಕು ಜನ ಇದ್ದಾರೆ. ಎಷ್ಟೋ ಮನೆಗಳಲ್ಲಿ ನಾಲ್ವರೂ ಒಬ್ಬರೇ. ಹಾಗಲ್ಲದ ಮನೆಗಳಲ್ಲಿ ಕಷ್ಟ. ಬೆರಳಿನ ಗುರುತನ್ನು ಸೇರಿಸಿದ್ದರಿಂದ ಒಂದು ಸಂಗತಿ ಗಟ್ಟಿಯಾಯಿತು: ಹೆಸರಿನವರೇ ಬಂದಿದ್ದಾರೆ. ಅದು ಒಳ್ಳೆಯದೇ ಆಯಿತು, ಬೇರೊಬ್ಬರ ಕಾಗದ ಹಿಡಿದು ಬರುವುದು ಕಷ್ಟವಾಯಿತು. ಆದರೆ ಬೆರಳು ಅಟ್ಟದ ವಿಷಯ ಹೇಳಲಾರದು. ಯಾವ ಪರಿಹಾರ ಯಾವ ಪ್ರಶ್ನೆಗೆ ಉತ್ತರ, ಯಾವುದಕ್ಕೆ ಅಲ್ಲ ಎಂದು ಬಿಡಿಸಿ ಹೇಳುವುದೇ ಈ ಉದ್ಯೋಗದ ತಿರುಳು ಎಂದು ನಾನು ತಿಳಿದಿದ್ದೇನೆ. ನಕ್ಷೆ ಬರೆಯುವುದನ್ನು ಆರು ತಿಂಗಳಲ್ಲಿ ಕಲಿಸಬಹುದು. ಇದನ್ನು ಕಲಿಸುವುದು ಅಷ್ಟು ಸುಲಭವಲ್ಲ.

ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನೂ ಹೀಗೆಯೇ ನೋಡಬೇಕು. ಯಂತ್ರಕ್ಕೆ ಅದಕ್ಕಿಂತ ಸುಲಭವಾದ ನಿಯಮ ಇನ್ನೊಂದಿಲ್ಲ. ಆದರೆ ಅದು ಅಳೆಯುವುದು ಯಾರಿಗೆ ಹೆಚ್ಚು ಅಗತ್ಯ ಎಂಬುದನ್ನಲ್ಲ, ಯಾರ ಮನೆ ಕೇಂದ್ರಕ್ಕೆ ಹತ್ತಿರ, ಯಾರಿಗೆ ಮೊದಲು ಸುದ್ದಿ ತಿಳಿಯಿತು ಎಂಬುದನ್ನು. ಹಳ್ಳಿಯ ಮುದುಕಿಯೊಬ್ಬಳು ಬಸ್ಸು ಹಿಡಿದು ಬರುವ ಹೊತ್ತಿಗೆ ಪಟ್ಟಿ ಮುಚ್ಚಿದರೆ, ಯಂತ್ರ ತಪ್ಪು ಮಾಡಿತೆನ್ನುವಂತಿಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿದೆ. ಹಾಗೆ ಹೇಳುವ ಮೊದಲು ಆ ಮುದುಕಿಯ ಪರವಾಗಿ ಒಬ್ಬರು ಕೇಳಬೇಕಾಗಿತ್ತು.

ತೂಕದ ಮಾತನ್ನೂ ಒಂದಿಷ್ಟು ಹೇಳಬೇಕು. ತೂಕವೆಂದರೆ ಚೀಲ ಸೇರಿಯೋ ಚೀಲ ಬಿಟ್ಟೋ? ಚೀಲಕ್ಕೆಂದು ಎಷ್ಟು ಕಳೆಯಬೇಕು? ಬಾಗಿಲಲ್ಲಿ ಬರೆಸಿದ ತೂಕ ಅಂದಾಜಿನದೋ ಖಾಯಮ್ಮೋ? ಗಣಕಯಂತ್ರದಲ್ಲಿ “ತೂಕ” ಎಂದು ಒಂದೇ ಮನೆ ಇಟ್ಟರೆ, ಮೂರು ಜನ ಮೂರು ಅರ್ಥದಿಂದ ಅದನ್ನು ತುಂಬುತ್ತಾರೆ, ಮೂರು ಸಾಲುಗಳನ್ನೂ ಕೂಡಿಸಿ ಯಂತ್ರ ಒಂದು ಮೊತ್ತ ತೆಗೆದುಕೊಡುತ್ತದೆ. ಆ ಮೊತ್ತಕ್ಕೆ ಅರ್ಥವೇ ಇರುವುದಿಲ್ಲ, ಆದರೆ ನೋಡಲು ಬಹಳ ಅಚ್ಚುಕಟ್ಟಾಗಿರುತ್ತದೆ!

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೆ. ಪುಸ್ತಕವನ್ನು ಒಂದು ವಾರ ಮುಚ್ಚಿಡು. ಮುಂದಿನ ಟೆಂಡರಿನ ದಿನ ನಿಮ್ಮ ತಂದೆಯ ಜೊತೆ ಹೋಗಿ, ಒಂದೇ ಒಂದು ಚೀಲದ ಹಿಂದೆ ಬೀಳು. ಅಟ್ಟದಿಂದ ಇಳಿದಲ್ಲಿಂದ ಹಣ ಕೈಸೇರುವವರೆಗೆ ಅದನ್ನು ಯಾರು ಮುಟ್ಟಿದರು, ಮುಟ್ಟಿದವರು ಏನು ಬರೆದರು, ಬರೆದದ್ದನ್ನು ಮತ್ತೆ ಯಾರು ಓದಿದರು, ಇಷ್ಟನ್ನು ಗುರುತು ಹಾಕಿಕೊ.

ಹೋಗಿಬಂದ. ನೋಟ್ ಪುಸ್ತಕದ ನಾಲ್ಕು ಪುಟ ತುಂಬಿತ್ತು. ದರ ಹಿಡಿಸದೆ ಆ ದಿನ ಕೊಬ್ಬರಿಯನ್ನು ಮಾರದೆ ವಾಪಸು ತಂದಿದ್ದರಂತೆ. “ಗಾಡಿ ಬಾಡಿಗೆ ಎರಡು ಸಲ ಆಯ್ತು ಸಾರ್, ಹಮಾಲಿ ಎರಡು ಸಲ ಆಯ್ತು. ಆದರೆ ಮಾರಾಟವೇ ಆಗ್ಲಿಲ್ಲವಲ್ಲ, ಇದು ಯಾರ ಪುಸ್ತಕದಲ್ಲೂ ಬೀಳಲೇ ಇಲ್ಲ. ನಮ್ಮಪ್ಪನ ಲೆಕ್ಕದಲ್ಲೂ ಇಲ್ಲ” ಎಂದ. ನಾನು ಆ ಪುಟವನ್ನು ಇನ್ನೊಂದು ಸಲ ಓದು ಎಂದೆ.