ಹಳೇ ನೋವಿಗೆ ಒಣ ಸೂಜಿ
(ಸ್ವಸಹಾಯ ಸಂಘದ ಸಭೆಯಲ್ಲಿ ಆಡಿದ ಮಾತು)



ನಮ್ಮ ಮೈಸೂರಿನಲ್ಲಿ ಮಣೆ ಮುಂದೆ ತಲೆ ಬಗ್ಗಿಸಿ ಊದುಬತ್ತಿ ಹೊಸೆಯುವವರಿಗೆ ಕುತ್ತಿಗೆ, ಭುಜದ ನೋವು ತಪ್ಪಿದ್ದಲ್ಲ. ಹೊಲಿಗೆ ಮಿಷನ್ ತುಳಿಯುವವರದೂ ಇದೇ ಪಾಡು.

ಭುಜವನ್ನು ಬೆರಳಿಂದ ಒತ್ತಿ ನೋಡಿ, ಒಂದು ಗಂಟು ಸಿಗುತ್ತೆ. ಒತ್ತಿದರೆ ನೋವು ತಲೆವರೆಗೂ ಹರಿಯುತ್ತೆ. ಆ ಗಂಟಿಗೆ ಬಹಳ ತೆಳುವಾದ ಸೂಜಿ ಚುಚ್ಚುವುದೇ ಡ್ರೈ ನೀಡ್ಲಿಂಗ್. ಸೂಜಿಯಲ್ಲಿ ಔಷಧಿ ಇರಲ್ಲ, ಅದಕ್ಕೇ 'ಒಣ'. ಚುಚ್ಚಿದಾಗ ಸ್ನಾಯು ಒಮ್ಮೆ ಅದುರಿ ಆಮೇಲೆ ಸಡಿಲವಾಗುತ್ತೆ. ನೋವು ಇಳಿಸುವುದು ಇಂಜೆಕ್ಷನ್ನಿನ ಮದ್ದಷ್ಟೇ ಅಲ್ಲ, ಸೂಜಿಯೂ ಹೌದು ಎಂದು ಕಾರೆಲ್ ಲೆವಿಟ್ ಎಂಬ ಜೆಕ್ ವೈದ್ಯರು 1979ರಲ್ಲೇ ಬರೆದರು.

ಆದರೆ ನೇರವಾಗಿ ಹೇಳುತ್ತೇನೆ, ಈ ಆರಾಮ ಹೆಚ್ಚಾಗಿ ಕೆಲವು ವಾರಗಳದ್ದು. ಮತ್ತೆ ಅದೇ ಮಣೆ ಮುಂದೆ ದಿನವಿಡೀ ಬಗ್ಗಿ ಕೂತರೆ ನೋವು ತಿರುಗಿ ಬರುತ್ತೆ. ಮಣೆ ಸ್ವಲ್ಪ ಎತ್ತರಿಸಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಎದ್ದು ಭುಜ ತಿರುಗಿಸಿ. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ ಇರುವಾಗ ಏಳೋದು ಹೇಗೆ ಅಂತೀರಿ. ನ್ಯಾಯವೇ. ಅದನ್ನು ಇವತ್ತೇ ಸಂಘದಲ್ಲಿ ಮಾತಾಡೋಣ.

ಇದರಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಹತ್ತಿರವೇ ಹೋಗಿ. ಹೊಸ ಸೂಜಿಯ ಪೊಟ್ಟಣ ನಿಮ್ಮೆದುರೇ ಒಡೆಯಲಿ. ಭುಜದ ಕೆಳಗೇ ಶ್ವಾಸಕೋಶ ಇದೆ; ಚುಚ್ಚಿದ ಮೇಲೆ ಉಸಿರು ಕಟ್ಟಿದರೆ, ಎದೆ ನೋವಾದರೆ ತಡಮಾಡದೆ ಆಸ್ಪತ್ರೆಗೆ ಓಡಿ. ಗರ್ಭಿಣಿಯರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು ಮೊದಲೇ ತಿಳಿಸಿ. ಕೈ ಜೋಮು ಹಿಡಿದು ಹಿಡಿತ ಕಮ್ಮಿಯಾಗಿದ್ದರೆ ಸೂಜಿಗಿಂತ ಮುಂಚೆ ಡಾಕ್ಟರಿಗೆ ತೋರಿಸಿ, ಅದು ಬರೀ ಸ್ನಾಯುವಿನ ನೋವು ಆಗಿರಲಿಕ್ಕಿಲ್ಲ.